ಬಳಗಾನೂರು ಸೀಮೆ: ನೆಲ, ನೀರು, ಜನಜೀವನ

ಬಳಗಾನೂರು ರಾಯಚೂರು ಜಿಲ್ಲೆಯ ಮಸ್ಕಿ ತಾಲ್ಲೂಕಿನಲ್ಲಿರುವ ಪಟ್ಟಣ. ಹಿಂದೆ ಸಿಂಧನೂರು ತಾಲ್ಲೂಕಿನಲ್ಲಿತ್ತು. ಸಿಂಧನೂರು, ಲಿಂಗಸುಗೂರು ಮತ್ತು ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಬಿಡಿಸಿ ಮಸ್ಕಿ ತಾಲ್ಲೂಕು ಮಾಡಿದಾಗ ಅದರ ಪಾಲಿಗೆ ಬಂತು. ಇಂದು ಇಲ್ಲಿ ಪಟ್ಟಣ ಪಂಚಾಯಿತಿ ಇದೆ. ಆದರೂ ಊರಿನ ಆದಾಯ, ಮಾತುಕತೆ, ಜಗಳ, ಹಬ್ಬ ಎಲ್ಲವೂ ಹೊಲಕ್ಕೇ ಅಂಟಿಕೊಂಡಿವೆ. ಭೂಗೋಳಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ಪ್ರಶ್ನೆಗಳನ್ನೆಲ್ಲ ಈ ಸೀಮೆಯಲ್ಲಿ ಕಣ್ಣಾರೆ ನೋಡಬಹುದು: ಊರು ಎಲ್ಲಿದೆ, ಅಲ್ಲೇ ಏಕಿದೆ, ಜನ ನೆಲಕ್ಕೆ ಹೇಗೆ ಹೊಂದಿಕೊಂಡರು, ನೆಲವನ್ನು ಹೇಗೆ ಬದಲಿಸಿದರು, ಬದಲಾದ ನೆಲ ಅವರಿಗೆ ಏನು ಮಾಡಿತು. ಎಪ್ಪತ್ತು ವರ್ಷದ ಹಿಂದಿನ ಖುಷ್ಕಿ (ಮಳೆಯನ್ನೇ ನಂಬಿದ) ಬೇಸಾಯವನ್ನು ಬಲ್ಲ ಹಿರಿಯರೂ ಕಾಲುವೆಯನ್ನಷ್ಟೇ ಬಲ್ಲ ಮೊಮ್ಮಕ್ಕಳೂ ಇಲ್ಲಿ ಒಂದೇ ಮನೆಯಲ್ಲಿ ಸಿಗುತ್ತಾರೆ.

ನೆಲೆ ಮತ್ತು ಮೈಕಟ್ಟು

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಇವೆರಡರ ನಡುವಿನ ನೆಲವೇ ರಾಯಚೂರು ದೋಆಬ್. ಶಾಸನಗಳಲ್ಲಿ ಇದು ಎಡೆದೊರೆ ನಾಡು. ಚಾಲುಕ್ಯರು ಮತ್ತು ಚೋಳರು, ಬಹಮನಿಗಳು ಮತ್ತು ವಿಜಯನಗರದವರು ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದು ಅವುಗಳಲ್ಲಿ ಹೆಸರಾದ ಒಂದು ಯುದ್ಧ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆ ಆ ಕಾಲದ ಸಾಕ್ಷಿ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಈ ನಾಡು ಶತಮಾನಗಳ ಕಾಲ ಬರಗಾಲದ ನಾಡಾಗಿಯೇ ಉಳಿದದ್ದು ಇಲ್ಲಿನ ಭೂಗೋಳದ ಮುಖ್ಯ ಸಂಗತಿ. ಹೊಳೆಗಳು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ಅವುಗಳಿಗಿಂತ ಎತ್ತರದಲ್ಲಿವೆ. ನೀರನ್ನು ಮೇಲಿನಿಂದ ತರುವ ವ್ಯವಸ್ಥೆ ಇಲ್ಲದಿದ್ದಾಗ ಹೊಳೆ ಹತ್ತಿರವಿದ್ದೂ ಪ್ರಯೋಜನವಿರಲಿಲ್ಲ.

ನೆಲದ ಇಳಿಜಾರು ಲಿಂಗಸುಗೂರಿನ ಕಡೆಯಿಂದ ಸಿಂಧನೂರಿನ ಕಡೆಗೆ, ಅಂದರೆ ತುಂಗಭದ್ರೆಯತ್ತ. ಮಸ್ಕಿ ಹಳ್ಳ ಈ ಇಳಿಜಾರಿನಲ್ಲೇ ಹರಿದು ತುಂಗಭದ್ರೆಯನ್ನು ಸೇರುತ್ತದೆ. ವರ್ಷದ ಬಹುಪಾಲು ದಿನ ಮರಳಷ್ಟೇ ಕಾಣುವ ಹಳ್ಳ ಅದು, ಆದರೆ ಮೇಲ್ಭಾಗದಲ್ಲಿ ಒಂದು ದೊಡ್ಡ ಮಳೆಯಾದರೆ ರಸ್ತೆ ಕಟ್ಟಾಗುತ್ತದೆ. ಮಸ್ಕಿ, ಮುದಗಲ್ ಸುತ್ತ ಕಣಶಿಲೆಯ ಗುಡ್ಡಗಳು, ಬಂಡೆಗಳ ರಾಶಿ. ಅಲ್ಲಿಂದ ಕೆಳಗಿಳಿದು ಬಳಗಾನೂರು, ಸಿಂಧನೂರಿನ ಕಡೆ ಬಂದರೆ ಕಣ್ಣು ಹರಿಯುವವರೆಗೂ ಮಟ್ಟಸ ಬಯಲು. ಬಂಡೆಯ ಸೀಮೆಯಲ್ಲಿ ಕೆಂಪು ಮಸಾರಿ ಮಣ್ಣು, ಬಯಲಿನಲ್ಲಿ ಕಪ್ಪು ಎರೆ ಮಣ್ಣು. ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾವ ತಿಂಗಳು ಬಿತ್ತಬೇಕು, ಹೆಣ್ಣು ಕೊಡುವಾಗ ಯಾರ ಹೊಲ ಎಂಥದ್ದು ಎಂಬುದನ್ನೆಲ್ಲ ಹಿಂದೆ ಈ ಎರಡು ಮಣ್ಣುಗಳೇ ತೀರ್ಮಾನಿಸುತ್ತಿದ್ದವು.

ಮಳೆ ಇಲ್ಲಿ ಕಡಿಮೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಭಾಗದ ವಾರ್ಷಿಕ ಸರಾಸರಿ ಸುಮಾರು 600 ಮಿಲಿಮೀಟರ್. ಇದೇ ತುಂಗೆ ಹುಟ್ಟುವ ಮಲೆನಾಡಿನ ಆಗುಂಬೆಯಲ್ಲಿ ಬೀಳುವುದು ಇದರ ಹತ್ತು ಪಟ್ಟಿಗೂ ಹೆಚ್ಚು. ಬಿದ್ದ ಮಳೆಯೂ ಹದವಾಗಿ ಹಂಚಿಕೊಂಡು ಬೀಳುವುದಿಲ್ಲ. ಜೂನ್‌ನಲ್ಲಿ ಕೈಕೊಟ್ಟು, ಸೆಪ್ಟೆಂಬರಿನಲ್ಲಿ ಒಮ್ಮೆಲೆ ಸುರಿದುಬಿಡುವುದು ಸಾಮಾನ್ಯ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕದ ನದಿದಂಡೆಯ ಊರುಗಳನ್ನು ಮುಳುಗಿಸಿತು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಲದ ಕೆಲಸ ನಸುಕಿನಲ್ಲೇ ಮುಗಿಯಬೇಕು.

ಎರೆ ಮಣ್ಣಿನ ಸ್ವಭಾವ

ಎರೆ ಮಣ್ಣನ್ನು ಅರಿಯದೆ ಬಳಗಾನೂರನ್ನು ಅರಿಯಲಾಗದು. ಇದರ ಜೇಡಿಯ ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಮೇ ತಿಂಗಳಲ್ಲಿ ಎರೆ ಹೊಲಕ್ಕೆ ಹೋದರೆ ನೆಲ ಬಾಯಿಬಿಟ್ಟಿರುತ್ತದೆ, ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದೆ. ಮೇಲಿನ ಪುಡಿಮಣ್ಣು, ಒಣಗಿದ ಎಲೆ, ಸಗಣಿಯ ಚೂರು ಬಿರುಕಿಗೆ ಬಿದ್ದು ಆಳಕ್ಕೆ ಹೋಗುತ್ತವೆ. ಮೊದಲ ಮಳೆಗೆ ಬಿರುಕು ಮುಚ್ಚಿಕೊಂಡು ಕೆಳಗಿನ ಮಣ್ಣು ಮೇಲಕ್ಕೆ ಒತ್ತುತ್ತದೆ. ಹೀಗೆ ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಇದೇ ಹೊಲ ಚಕ್ಕಡಿಯ ಗಾಲಿಯನ್ನೂ ಟ್ರ್ಯಾಕ್ಟರಿನ ಟೈರನ್ನೂ ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಮಳೆಗಾಲ ಕಳೆಯುವವರೆಗೆ ಎರೆ ಹೊಲಕ್ಕೆ ಇಳಿಯುವವರು ಕಡಿಮೆ.

ಈ ಸ್ವಭಾವಕ್ಕೆ ತಕ್ಕಂತೆ ಹಿಂದಿನವರು ಬೇಸಾಯದ ಲೆಕ್ಕ ಹಾಕಿದ್ದರು. ಮುಂಗಾರಿನಲ್ಲಿ ಮಸಾರಿಗೆ ಸಜ್ಜೆ, ತೊಗರಿ, ಹೆಸರು. ಎರೆ ಹೊಲವನ್ನು ಮಾತ್ರ ರೆಂಟೆ ಹೊಡೆದು, ಕುಂಟೆ ಎಳೆದು, ಹಸಿ ಕುಡಿಯಲು ಬಿಡುತ್ತಿದ್ದರು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಿದ್ದರು. ಆಮೇಲೆ ಮಳೆ ಬಾರದಿದ್ದರೂ ಮಣ್ಣು ಹಿಡಿದಿಟ್ಟ ಹಸಿ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಜೋಳ ತೆನೆ ಕಟ್ಟುತ್ತಿತ್ತು. ನೀರು ಹರಿದು ಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಒಡ್ಡು. ಗೊಬ್ಬರಕ್ಕೆ ಕುರುಬರ ಕುರಿಹಿಂಡನ್ನು ಹೊಲದಲ್ಲಿ ತರುಬಿಸಿ ಕಾಳು ಕೊಡುವ ಪದ್ಧತಿ. ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗಳಲ್ಲಿ ಬೆಳೆದು ನಿಂತ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಬೇಸಾಯದ ಪಂಚಾಂಗದಿಂದಲೇ ಬಂದ ಹಬ್ಬ. ಜೋಳದ ಕಾಳು ಮನುಷ್ಯರಿಗೆ, ಕಣಕಿ ದನಗಳಿಗೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಇಳುವರಿ ಕಡಿಮೆ, ಬರ ಬಂದರೆ ಅದೂ ಇಲ್ಲ. 1876–78ರ ದೊಡ್ಡ ಬರ ದಕ್ಕನ್ನಿನ ಈ ಭಾಗವನ್ನು ಬರಿದು ಮಾಡಿತು. ಹಳೆಯ ಬೇಸಾಯವನ್ನು ಹೊಗಳುವಾಗ ಈ ಹಸಿವನ್ನು ಮರೆಯಬಾರದು.

ಮನೆ ಕಟ್ಟುವುದರಲ್ಲೂ ಮಣ್ಣಿನ ತಿಳಿವಳಿಕೆ ಕಾಣುತ್ತದೆ. ಈ ಕಡೆಯ ಹಳೆಯ ಮನೆಗಳು ಮಾಳಿಗೆಯವು: ದಪ್ಪ ಗೋಡೆ, ಮೇಲೆ ತೊಲೆ–ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಕರ್ಲು ಮಣ್ಣು ಹಾಕಿ ತುಳಿಯುತ್ತಿದ್ದರು. ಕರ್ಲು ಎಂದರೆ ಕ್ಷಾರ ತುಂಬಿದ, ಪೈರು ಬಾರದ ಮಣ್ಣು. ಸೋಡಿಯಂ ಹೆಚ್ಚಿರುವ ಇದರ ಕಣಗಳು ನೀರು ತಾಗಿದೊಡನೆ ಕದಡಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಮಾಳಿಗೆ ಸೋರದಂತೆ ಕಾಯುವ ಈ ಗುಣವೇ ಹೊಲಕ್ಕೆ ಶಾಪ. ಕಾಲುವೆ ಬಂದ ಮೇಲೆ ಎಷ್ಟೋ ಹೊಲಗಳು ಕರ್ಲಾದ ಕಥೆಗೆ ಮುಂದೆ ಬರೋಣ.

ಬಂಡೆ, ಚಿನ್ನ ಮತ್ತು ಮೊದಲ ನೆಲೆಗಳು

ಮನುಷ್ಯ ಇಲ್ಲಿ ನೆಲೆ ನಿಂತದ್ದು ಬಹಳ ಹಿಂದೆ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ 1950ರ ದಶಕದಲ್ಲಿ ನವಶಿಲಾಯುಗದ ನೆಲೆಯನ್ನು ಅಗೆದರು. ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ನಡೆಸಿದರು. ಈ ಪ್ರದೇಶದ ಬೂದಿದಿಬ್ಬಗಳು ದನದ ದೊಡ್ಡಿಗಳಲ್ಲಿ ಶೇಖರವಾದ ಸಗಣಿ ಸುಟ್ಟು ಉಳಿದ ಬೂದಿಯ ರಾಶಿಗಳೆಂದು ಆಲ್ಚಿನ್ ತೋರಿಸಿಕೊಟ್ಟರು. ಕಣಶಿಲೆಯ ಗುಡ್ಡದ ಆಸರೆ, ಬುಡದಲ್ಲಿ ಸಿಗುವ ನೀರು, ಸುತ್ತ ಮೇಯಲು ಹುಲ್ಲುಬಯಲು ಇದ್ದುದರಿಂದ ದನಗಾಹಿಗಳು ಗುಡ್ಡವನ್ನು ಆರಿಸಿಕೊಂಡರು. ಎರೆಯ ಬಯಲನ್ನು ಉಳುವ ಶಕ್ತಿ ಬಂದದ್ದು ಕಬ್ಬಿಣ ಬಂದ ಮೇಲೆ.

ಹಟ್ಟಿ–ಮಸ್ಕಿ ಶಿಲಾಪಟ್ಟಿ ಚಿನ್ನದ ಅದಿರಿಗೆ ಹೆಸರಾದದ್ದು. ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನೂರಾರು ಅಡಿ ಆಳಕ್ಕೆ ಇಳಿದು ಗಣಿಗಾರಿಕೆ ಮಾಡಿದ ಗುರುತುಗಳು ಸಿಕ್ಕಿವೆ. ಅಶೋಕನ ಶಾಸನ ಮಸ್ಕಿಯ ಬಂಡೆಯ ಮೇಲೆ ಇರುವುದಕ್ಕೂ ಈ ಚಿನ್ನಕ್ಕೂ ನಂಟಿರಬೇಕೆಂಬ ಊಹೆ ಇತಿಹಾಸಕಾರರಲ್ಲಿದೆ. 1915ರಲ್ಲಿ ಆ ಶಾಸನವನ್ನು ಕಂಡುಹಿಡಿದ ಸಿ. ಬೀಡನ್ ಕೂಡ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸ ಅಶೋಕನೇ ಎಂಬುದು ಖಚಿತವಾದದ್ದು ಮಸ್ಕಿಯಲ್ಲಿ. ಇಂದು ಹಟ್ಟಿಯ ಗಣಿ ರಾಜ್ಯ ಸರ್ಕಾರದ ಕಂಪನಿಯ ಕೈಯಲ್ಲಿದೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದಲ್ಲಿ ಅದಿರಿನಿಂದ ಚಿನ್ನ ತೆಗೆಯುವ ಮುಖ್ಯ ಗಣಿ ಅದೇ. ಅದೇ ಶಿಲೆಯಲ್ಲಿರುವ ಆರ್ಸೆನಿಕ್ ಅಂತರ್ಜಲಕ್ಕೂ ಸೇರಿಕೊಂಡಿದೆ. ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಕುಡಿಯುವಂತಿಲ್ಲ.

ಕಾಲುವೆ ಬಂತು

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿತ್ತು. ಎಡದಂಡೆ ಆಗ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. 1956ರಲ್ಲಿ ಭಾಷಾವಾರು ವಿಂಗಡಣೆಯಾಗಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಎಡದಂಡೆಯ ಕಾಲುವೆಯೂ ಅದರೊಂದಿಗೆ ಬಂತು. ಮುನಿರಾಬಾದಿನಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ, ಮಾನ್ವಿ, ಸಿರವಾರ, ರಾಯಚೂರು ಭಾಗಗಳಲ್ಲಿ ಅದರ ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಮಲೆನಾಡಿನಲ್ಲಿ ಬಿದ್ದ ಮಳೆಯನ್ನು ನೂರಾರು ಕಿಲೋಮೀಟರ್ ಆಚೆ, ಮಳೆಯಿಲ್ಲದ ಎರೆ ಬಯಲಿಗೆ ತಂದು ಹಾಕಿದ ಈ ಕೆಲಸಕ್ಕಿಂತ ದೊಡ್ಡ ಪರಿಸರ ಬದಲಾವಣೆ ಈ ಸೀಮೆಯ ಇತಿಹಾಸದಲ್ಲಿ ಇನ್ನೊಂದಿಲ್ಲ.

ಕಾಲುವೆಯನ್ನು ಯೋಜಿಸಿದವರ ಲೆಕ್ಕ ಭತ್ತಕ್ಕೆ ಅಲ್ಲ. ಬರದಿಂದ ರಕ್ಷಿಸುವುದು ಉದ್ದೇಶ. ಕಡಿಮೆ ನೀರನ್ನು ಹೆಚ್ಚು ಹೊಲಕ್ಕೆ ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾ, ಕಡಲೆಯಂಥ ಮಿತ ನೀರಾವರಿ ಬೆಳೆ ಬೆಳೆಸಬೇಕೆಂದು ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬುದನ್ನು ದಾಖಲೆಯಲ್ಲಿ ಬರೆದಿಟ್ಟರು. ಭತ್ತಕ್ಕೆ ಗುರುತಿಸಿದ್ದು ಸಣ್ಣ ಪಾಲು. ಕಾಗದದ ಮೇಲೆ ಇದು ನ್ಯಾಯವಾದ ಯೋಜನೆ. ಆದರೆ ಕಾಲುವೆ ಬಂದಾಗ ಇಲ್ಲಿನ ಬಹುಪಾಲು ರೈತರ ಬಳಿ ಹೊಲ ಮಟ್ಟ ಮಾಡಲು, ಗೊಬ್ಬರ ಕೊಳ್ಳಲು ಹಣವಿರಲಿಲ್ಲ, ನೀರಾವರಿಯ ರೂಢಿಯೂ ಇರಲಿಲ್ಲ. ಕೃಷ್ಣಾ–ಗೋದಾವರಿ ಮುಖಜ ಭೂಮಿಯಿಂದ ಬಂದ ಆಂಧ್ರದ ರೈತರ ಬಳಿ ಎರಡೂ ಇದ್ದವು. ಅವರು ಅಗ್ಗಕ್ಕೆ ಹೊಲ ಕೊಂಡರು, ಗುಡಿಸಲು ಹಾಕಿದರು, ಗದ್ದೆ ಮಾಡಿ ಭತ್ತ ಹಚ್ಚಿದರು. ಅವರ ನೆಲೆಗಳಿಗೆ ‘ಕ್ಯಾಂಪ್’ ಎಂಬ ಹೆಸರು ನಿಂತಿತು. ಇಂದು ಸಿಂಧನೂರು, ಗಂಗಾವತಿ ಸೀಮೆಯ ನಕ್ಷೆಯಲ್ಲಿ ಊರಿಗೊಂದರಂತೆ ಕ್ಯಾಂಪುಗಳಿವೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳಾದವು. ಕನ್ನಡ, ತೆಲುಗು, ಉರ್ದು, ಬಂಗಾಳಿ ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಸ್ಥಳೀಯರು ಭತ್ತ ಕಲಿತದ್ದು ಈ ನೆರೆಹೊರೆಯಿಂದಲೇ.

ಒಮ್ಮೆ ಭತ್ತ ಹಿಡಿದ ಮೇಲೆ ಬಿಡುವುದು ಸುಲಭವಲ್ಲ. ಬೆಲೆಗೆ ಗ್ಯಾರಂಟಿ ಇದೆ, ಕೊಳ್ಳಲು ಅಕ್ಕಿ ಗಿರಣಿಗಳಿವೆ, ಸಾಲ ಕೊಡುವ ವ್ಯಾಪಾರಿ ಇದ್ದಾನೆ. ಪಕ್ಕದ ಗದ್ದೆಯಿಂದ ನೀರು ಬಸಿಯುವಾಗ ನಡುವೆ ಒಬ್ಬ ಜೋಳ ಬಿತ್ತಿದರೆ ಅದು ಕೊಳೆಯುತ್ತದೆ. ಸೋನಾ ಮಸೂರಿ ಅಕ್ಕಿಯ ಹೆಸರಿನ ಜತೆ ಸಿಂಧನೂರು, ಗಂಗಾವತಿಯ ಹೆಸರು ಸೇರಿಹೋಯಿತು. ಒಂದು ಹಂಗಾಮಿನ ಭತ್ತಕ್ಕೆ ಬೇಕಾದ ನೀರಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಹೊಲದಲ್ಲಿ ಜೋಳ ಬೆಳೆಯಬಹುದು. ಮೇಲ್ಭಾಗದವರು ಗದ್ದೆಗೆ ನೀರು ನಿಲ್ಲಿಸಿದಷ್ಟೂ ಕೆಳಭಾಗಕ್ಕೆ ಇಳಿಯುವ ನೀರು ಕಡಿಮೆಯಾಗುತ್ತಾ ಹೋಯಿತು. ಡಚ್ ಸಂಶೋಧಕ ಪೀಟರ್ ಮೊಲಿಂಗಾ ಈ ಎಡದಂಡೆ ಕಾಲುವೆಯಲ್ಲಿ ನೀರು ಹಂಚಿಕೆಯ ವಾಸ್ತವವನ್ನು ಹಳ್ಳಿ ಹಳ್ಳಿ ಅಧ್ಯಯನ ಮಾಡಿ ಪುಸ್ತಕವನ್ನೇ ಬರೆದಿದ್ದಾರೆ.

ಕಾಲುವೆಯ ದಂಡೆಯ ಮೇಲೆ ಒಂದು ಹಂಗಾಮು ಕಳೆದವರಿಗೆ ಇದು ಪುಸ್ತಕದ ಸಂಗತಿಯಲ್ಲ. 69ನೇ ಮೈಲ್, 104ನೇ ಮೈಲ್ ಎಂಬ ಗೇಜ್ ಸ್ಥಳಗಳು ಇಲ್ಲಿನ ಮಕ್ಕಳಿಗೂ ಗೊತ್ತು. ಅಲ್ಲಿ ಇಷ್ಟು ಅಡಿ ನೀರು ನಿಲ್ಲಬೇಕು, ನಿಂತರೆ ಮಾತ್ರ ಕೆಳಗಿನ ವಿತರಣಾ ಕಾಲುವೆಗಳಿಗೆ ನೀರು ಏರುತ್ತದೆ. ಗೇಜ್ ಒಂದಡಿ ಕಡಿಮೆಯಾದರೆ ರೈತರು ರಸ್ತೆಗೆ ಇಳಿಯುತ್ತಾರೆ. ಸರದಿ ರಾತ್ರಿ ಬಂದರೆ ರಾತ್ರಿಯೇ ಸಲಿಕೆ, ಬ್ಯಾಟರಿ ಹಿಡಿದು ತೂಬಿನ ಬಳಿ ಕಾಯಬೇಕು. ಕಣ್ಣು ಮುಚ್ಚಿದರೆ ಮೇಲಿನವರು ತೂಬು ತಿರುವಿಕೊಂಡಿರುತ್ತಾರೆ. ಪೈಪು ಹಾಕಿ, ಪಂಪು ಇಟ್ಟು ಅಚ್ಚುಕಟ್ಟಿನಾಚೆಯ ಹೊಲಗಳಿಗೂ ನೀರು ಎತ್ತುವುದು ಬಹುಕಾಲದಿಂದ ನಡೆದಿದೆ. ಕಾಲುವೆ ಕಾಯುವ ಗ್ಯಾಂಗ್‌ಮನ್‌ಗಳು ಕಡಿಮೆ ಕೂಲಿಯಲ್ಲಿ ಮೈಲುಗಟ್ಟಲೆ ನಡೆಯುತ್ತಾರೆ, ಎಲ್ಲರ ಸಿಟ್ಟು ಬೀಳುವುದು ಮಾತ್ರ ಅವರ ಮೇಲೆ.

ಕುಡಿಯುವ ನೀರೂ ಇದೇ ಕಾಲುವೆಯದು. ಅಚ್ಚುಕಟ್ಟಿನ ಊರುಗಳು ಕಾಲುವೆ ಹರಿಯುವಾಗ ಕೆರೆ ತುಂಬಿಸಿಕೊಂಡು ಬೇಸಿಗೆ ಕಳೆಯುತ್ತವೆ. ಕಾಲುವೆ ಬಂದ್ ಆದ ಮೇಲೆ ಕೆರೆ ತಳ ಕಂಡರೆ, ಸುತ್ತ ಭತ್ತ ಬೆಳೆದ ಊರಿನಲ್ಲೇ ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಸ್ಥಿತಿ ಬರುತ್ತದೆ. ಈ ಕಾಯುವಿಕೆಯ ಭಾರ ಹೆಚ್ಚಾಗಿ ಹೆಂಗಸರ ಮೇಲೆ. ಗದ್ದೆಗೆ ನೀರು ಹಂಚುವಾಗ ಮೊದಲ ಪಾಲು ಕುಡಿಯಲು ಎತ್ತಿಡಬೇಕು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ.

ಸವಳು–ಜವಳು

ಎರೆ ಮಣ್ಣು ನೀರನ್ನು ಬೇಗ ಬಸಿಯಲು ಬಿಡುವುದಿಲ್ಲ. ಒಣ ಬೇಸಾಯದಲ್ಲಿ ವರವಾಗಿದ್ದ ಈ ಗುಣ ಗದ್ದೆಯಲ್ಲಿ ತಿರುಗುಬಾಣವಾಯಿತು. ವರ್ಷಕ್ಕೆ ಎರಡು ಬೆಳೆ ಭತ್ತಕ್ಕೆ ನಿಲ್ಲಿಸಿದ ನೀರು, ಕಾಲುವೆಯಿಂದ ಒಸರುವ ನೀರು ಕೆಳಗೆ ಸೇರಿ ಅಂತರ್ಜಲದ ಮಟ್ಟ ಮೇಲಕ್ಕೆ ಬಂತು. ಬೇಸಿಗೆಯ ಬಿಸಿಲು ಆ ನೀರನ್ನು ಎಳೆದು ಆವಿ ಮಾಡುವಾಗ ಅದರಲ್ಲಿ ಕರಗಿದ್ದ ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಮೊದಲು ಹೊಲದ ತಗ್ಗಿನಲ್ಲಿ ಬಿಳಿಯ ಪದರ, ಆಮೇಲೆ ಅಲ್ಲಲ್ಲಿ ಹಳದಿಗಟ್ಟಿದ ಸಸಿ, ಕೊನೆಗೆ ಬಳ್ಳಾರಿ ಜಾಲಿಯಷ್ಟೇ ಬೆಳೆಯುವ ಬೀಳು. ರೈತರು ಇದಕ್ಕೆ ಸವಳು–ಜವಳು ಎನ್ನುತ್ತಾರೆ. ಮಾಳಿಗೆಗೆ ಹಾಕುತ್ತಿದ್ದ ಕರ್ಲು ಹೀಗೆ ಹೊಲಕ್ಕೇ ಬಂದು ಕೂತಿತು. ಇನ್ನೊಂದು ಎರಡು ನದಿಗಳ ನಾಡಾದ ಮೆಸೊಪೊಟೇಮಿಯಾದಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ನೀರಾವರಿಯ ಉಪ್ಪಿನಿಂದ ಗೋಧಿ ಹಿಂದೆ ಸರಿದು ಉಪ್ಪು ತಡೆಯುವ ಬಾರ್ಲಿ ಮುಂದೆ ಬಂತು ಎಂದು ವಿದ್ವಾಂಸರು ಹೇಳುತ್ತಾರೆ. ಪಂಜಾಬ್, ಸಿಂಧ್‌ಗಳ ಕಾಲುವೆ ಸೀಮೆಯಲ್ಲೂ ಇದೇ ಆಯಿತು. ಬಸಿಗಾಲುವೆಯಿಲ್ಲದ ನೀರಾವರಿಯ ಬೆಲೆ ಎಲ್ಲಿಯೂ ಬದಲಾಗಿಲ್ಲ.

ಪರಿಹಾರಗಳು ಗೊತ್ತಿಲ್ಲದವೇನಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಮಣ್ಣಿನ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ನೆಲದೊಳಗೆ ರಂಧ್ರದ ಪೈಪು ಹೂತು ನೀರು ಬಸಿಯುವುದು, ಕ್ಷಾರಕ್ಕೆ ಜಿಪ್ಸಂ, ಹಸಿರೆಲೆ ಗೊಬ್ಬರಕ್ಕೆ ಡಯಾಂಚಾ, ಉಪ್ಪು ತಡೆಯುವ ಗಂಗಾವತಿ ಸೋನಾ ತಳಿ ಎಲ್ಲ ಅಲ್ಲಿ ಪ್ರಯೋಗವಾಗಿವೆ. 2009ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ನಾಟಿ ಮಾಡದೆ ಕೂರಿಗೆಯಲ್ಲಿ ಭತ್ತ ಬಿತ್ತುವ ಕ್ರಮವನ್ನು ರೈತರಿಗೆ ಕಲಿಸುತ್ತಿದೆ. ಅದರಲ್ಲಿ ನೀರೂ ಕೂಲಿಯೂ ಉಳಿಯುತ್ತದೆ. ಆದರೆ ಬಸಿಯುವ ಪೈಪು ಒಬ್ಬನ ಹೊಲದಲ್ಲಿ ಹಾಕಿದರೆ ಸಾಲದು, ಕೆಳಗಿನ ಹೊಲದವನೂ ದಾರಿ ಬಿಡಬೇಕು, ಹಳ್ಳದವರೆಗೆ ಬಸಿಗಾಲುವೆ ತೆರೆದಿರಬೇಕು. ಈ ಒಪ್ಪಂದವೇ ಕಷ್ಟ.

ಭತ್ತ ದನವನ್ನೂ ದೂರ ಮಾಡಿತು. ಜೋಳ ಹೋದ ಕಡೆ ಕಣಕಿ ಹೋಯಿತು, ಟ್ರ್ಯಾಕ್ಟರ್ ಬಂದ ಕಡೆ ಎತ್ತು ಹೋಯಿತು. ಕೊಯ್ಲಿಗೆ ಬಾಡಿಗೆ ಯಂತ್ರ ಬಂದ ಮೇಲೆ ಉಳಿದ ಹುಲ್ಲಿಗೆ ಬೆಂಕಿ ಇಡುವುದು ಹೆಚ್ಚಿತು. ರೊಟ್ಟಿ ಇನ್ನೂ ಜೋಳದ್ದೇ, ಆದರೆ ಜೋಳವನ್ನು ಕೊಂಡು ತಿನ್ನುವ ರೈತರು ಈಗ ಹಲವರು.

ಕಾಲುವೆಯ ಆಚೆ

ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ದೊಡ್ಡ ಭಾಗಕ್ಕೆ ತುಂಗಭದ್ರೆಯ ನೀರು ಏರುವುದಿಲ್ಲ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರಿನ ಒಂದಿಷ್ಟು ಹಳ್ಳಿಗಳನ್ನು ಮುಟ್ಟಿದೆ. ಪಾಮನಕಲ್ಲೂರು ಸುತ್ತಿನ ಖುಷ್ಕಿ ಹಳ್ಳಿಗಳ ರೈತರು ಆ ಕಾಲುವೆಯ 5ಎ ಶಾಖೆಗಾಗಿ ದೀರ್ಘಕಾಲ ಧರಣಿ ಕೂತರು. ಒಂದೇ ತಾಲ್ಲೂಕಿನಲ್ಲಿ ಒಂದು ಕಡೆ ಎರಡು ಬೆಳೆ ಭತ್ತ, ಇನ್ನೊಂದು ಕಡೆ ಸುಗ್ಗಿ ಮುಗಿದೊಡನೆ ಮನೆಗೆ ಬೀಗ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳು ಗಂಟುಮೂಟೆಗಳ ಜತೆ ಬಸ್ಸು ಹತ್ತುತ್ತವೆ, ಮಕ್ಕಳ ಶಾಲೆ ನಡುವೆಯೇ ನಿಲ್ಲುತ್ತದೆ. ಅದೇ ಖುಷ್ಕಿ ಹಳ್ಳಿಗಳ ಹೆಂಗಸರು ನಾಟಿಯ ಕಾಲಕ್ಕೆ ಸಿಂಧನೂರು, ಬಳಗಾನೂರಿನ ಗದ್ದೆಗಳಿಗೆ ಗುಂಪುಕಟ್ಟಿ ಕೂಲಿಗೆ ಬರುತ್ತಾರೆ. ನೀರು ಹೋದ ಕಡೆ ಕೂಲಿ ಹೋಗುತ್ತದೆ ಎಂಬ ಸರಳ ಲೆಕ್ಕ ಜಿಲ್ಲೆಯೊಳಗಿನ ಈ ಓಡಾಟವನ್ನು ವಿವರಿಸುತ್ತದೆ. ಓಡಾಟಕ್ಕೆ ದಾರಿಗಳೂ ಇವೆ: ಜೇವರ್ಗಿ–ಚಾಮರಾಜನಗರ ಹೆದ್ದಾರಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿದೆ. 2024ರಲ್ಲಿ ಸಿಂಧನೂರಿಗೆ ರೈಲೂ ಬಂತು.

ಅಣೆಕಟ್ಟಿನ ಮುಂದಿನ ದಿನಗಳು

ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ 105.78 ಟಿಎಂಸಿ ಅಡಿಗೆ ಇಳಿದಿದೆ. ಕೊರತೆ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವವಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯ ಕಣ್ಣೆದುರೇ ಬರಿದಾಗತೊಡಗಿದಾಗ ಸಿಂಧನೂರು, ಬಳಗಾನೂರುಗಳಲ್ಲಿ ನಾಟಿ ಹಚ್ಚಿದವರ ಆತಂಕ ಹೇಳತೀರದು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲವೇ ದಿನಗಳಲ್ಲಿ ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ ಕಾರ್ಮಿಕರು ಆ ವರ್ಷದ ಬೆಳೆ ಉಳಿಸಿದರು.

ನಿಸರ್ಗವೇ ಮನುಷ್ಯನ ಬದುಕನ್ನು ನಿರ್ಧರಿಸುತ್ತದೆ ಎಂಬ ವಾದವೂ, ನಿಸರ್ಗ ಕೊಡುವ ಸಾಧ್ಯತೆಗಳಲ್ಲಿ ಮನುಷ್ಯ ಆರಿಸಿಕೊಳ್ಳುತ್ತಾನೆ ಎಂಬ ವಾದವೂ ಭೂಗೋಳದ ಪಠ್ಯಗಳಲ್ಲಿ ಎದುರುಬದುರು ನಿಂತಿವೆ. ಬಳಗಾನೂರಿನ ನೆಲ ನೋಡಿದವರಿಗೆ ಎರಡನೆಯ ವಾದವೇ ಹೆಚ್ಚು ಸರಿ ಎನಿಸುತ್ತದೆ. ಎರೆ ಮಣ್ಣು ಭತ್ತವನ್ನು ಬೇಡಲಿಲ್ಲ, ಕಾಲುವೆಯ ಯೋಜನೆಯೂ ಬೇಡಲಿಲ್ಲ. ಬೆಲೆ, ಸಾಲ, ಮಾರುಕಟ್ಟೆ ಮತ್ತು ತೂಬಿನ ಹತ್ತಿರ ಇರುವವನ ಬಲ ಸೇರಿ ಆ ಆಯ್ಕೆ ಮಾಡಿದವು. ಜೋಳ, ಕಡಲೆ, ತೊಗರಿಗೆ ಭತ್ತದಷ್ಟೇ ಭದ್ರವಾದ ಖರೀದಿ ಸಿಗುವವರೆಗೆ ಮೇಲ್ಭಾಗದ ರೈತ ಗದ್ದೆ ಬಿಡುವುದಿಲ್ಲ, ಅವನು ಬಿಡುವವರೆಗೆ ಕೊನೆಯ ತೂಬಿಗೆ ಪೂರ್ತಿ ನೀರು ಬರುವುದಿಲ್ಲ.